ಗಾಜು ನೆಕ್ಕಿದ ಇಟ್ಟಿಗೆ

“ಎದ್ದೇಳು ವೆಂಕಟಪ್ಪಣ್ಣ, ನಿನ್ ಕೆಲಸದ ಮೇಲೇ ಕೂತಿದ್ದೀಯ,” ಎಂದಳು ಖತೀಜಾ ಬೀ.

“ಕೆಲ್ಸ ಹೋಗಿದ್ದಾಯ್ತಲ್ಲಮ್ಮ. ಕೂರೋ ಜಾಗಾನೂ ಬಿಡ್ಬೇಕಾ?” ಚಿಕ್ಕವೆಂಕಟಪ್ಪ ಊಟದ ಡಬ್ಬಿಯನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಿದ್ದ.

ಗೌರಿಬಿದನೂರಿನಾಚೆಯ ಬಾಟಲಿ ಕಾರ್ಖಾನೆಯಲ್ಲಿ ಅವನು ಹದಿನಾರು ವರ್ಷದಿಂದ ಮರಳು ಜರಡಿ ಹಿಡಿಯುತ್ತಿದ್ದ. ಬಾಟಲಿಗಳನ್ನು ದೀಪದೆದುರು ಹಿಡಿದು ದೋಷ ಹುಡುಕುವ ಕೆಲಸ ಅವಳದು. ವಾರದಿಂದ ಗಾಜಿನೊಳಗೆ ಬಿಳಿ ಹರಳು ಬರುತ್ತಿತ್ತು. ಜರಡಿ ಸರಿಯಿಲ್ಲ, ದಪ್ಪ ಮರಳು ಕರಗದೆ ಉಳಿದಿದೆ ಎಂದು ಬರೆದು, ನಾಳೆಯಿಂದ ಬರಬೇಡ ಎಂದಿದ್ದರು ಸೂಪರ್‌ವೈಸರ್ ರಮೇಶ್‌ಬಾಬು. ತಪ್ಪು ಹುಡುಕುವಾಗ ಕಾರ್ಖಾನೆಯ ಕಣ್ಣು ಮೊದಲು ಬೀಳುವುದು ಅವನಂಥ ಗುತ್ತಿಗೆ ಕೆಲಸಗಾರನ ಮೇಲೆ. ಕುಲುಮೆ ಆರಿಸಿ ರಿಪೇರಿ ಮಾಡಿಸುವುದಕ್ಕಿಂತ ಒಬ್ಬ ಆಳನ್ನು ಆಚೆ ಹಾಕುವುದು ಅಗ್ಗ.

ಖತೀಜಾ ಬೀ ಅವನ ರೆಟ್ಟೆ ಹಿಡಿದು ಎಬ್ಬಿಸಿದಳು. ಅವನು ಕೂತಿದ್ದದ್ದು ಹಿಂದಿನ ಸಲ ಕುಲುಮೆ ಕೆಡವಿದಾಗ ಬಿಸಾಡಿದ್ದ ಒಳಗೋಡೆಯ ಇಟ್ಟಿಗೆಯ ಮೇಲೆ. ಅದನ್ನು ಮಗುಚಿಟ್ಟು, ಹೋಗಿ ರಮೇಶ್‌ಬಾಬುವನ್ನು ಕರೆತಂದಳು.

“ನೋಡಿ ಸಾರ್, ಕರಗಿದ ಗಾಜು ತಾಗಿದ ಮೈ ಇದು.”

ಇಟ್ಟಿಗೆಯ ಒಡಲು ಮಾಸಲು ಕಂದು. ಗಾಜು ನೆಕ್ಕಿದ ಕಡೆ ಬೆರಳಗಲ ಬಿಳಿ ಪೊರೆ. ವರ್ಷಗಟ್ಟಲೆ ಆ ಬೆಂಕಿಯಲ್ಲಿ ಗಾಜಿಗೆ ಬೆರೆಸುವ ಸೋಡಾ ಕ್ಷಾರವನ್ನು ಹೀರಿ, ಇಟ್ಟಿಗೆಯ ಜೇಡಿ ಬೇರೆಯೇ ಕಲ್ಲಾಗಿ ಹರಳುಗಟ್ಟಿತ್ತು. ಅವಳು ಬಿಳಿ ಹರಳಿದ್ದ ಒಡೆದ ಬಾಟಲಿಯ ಚೂರೊಂದನ್ನು ಅದರ ಪಕ್ಕದಲ್ಲಿಟ್ಟಳು.

“ಈ ಹರಳೂ ಅದೇ, ಇಟ್ಟಿಗೆದು. ಹಿಂದೆ ಗೊದಮೊಟ್ಟೆ ಥರ ಬಾಲ ನೋಡಿ. ಮರಳಿಗೆ ಹಿಂಗಿರಲ್ಲ.”

“ನಿನಗಿದೆಲ್ಲ ಯಾರು ಹೇಳ್ಕೊಟ್ರು?”

“ಹನ್ನೆರಡು ವರ್ಷದಿಂದ ದಿನಾ ಎಂಟು ಗಂಟೆ ನೋಡ್ತೀನಿ. ನೀವು ತಿಂಗಳಿಗೊಂದ್ಸಲ ನೋಡ್ತೀರ. ಕುಲುಮೆ ಒಳಗಡೆ ಗೋಡೆ ಸವೀತಾ ಇದೆ ಸಾರ್. ಅದರ ಪಕ್ಕ ಹನ್ನೊಂದು ಜನ ನಿಂತಿರ್ತಾರೆ.”

ರಮೇಶ್‌ಬಾಬು ಉಗುರಿನಿಂದ ಬಿಳಿ ಪೊರೆ ಕೆರೆದರು. ಚೂರನ್ನು ಬಿಸಿಲಿಗೆ ಹಿಡಿದರು. ಮತ್ತೆ ಇಟ್ಟಿಗೆ ನೋಡಿದರು.

“ನಾಳೆ ಬಾರಪ್ಪ,” ಎಂದು ಚಿಕ್ಕವೆಂಕಟಪ್ಪನ ಮುಖ ನೋಡದೆ ಹೇಳಿ, ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮ್ಯಾನೇಜರ್ ಕೋಣೆಯತ್ತ ನಡೆದರು.

“ಸಾರ್, ಅದು ನನ್ ಸೀಟು. ವಾಪಸ್ ತಂದ್ಬಿಡಿ,” ಎಂದ ಚಿಕ್ಕವೆಂಕಟಪ್ಪ.

“ಸಾಕು ನಿನ್ ತಮಾಷೆ. ಉಣ್ಣು, ಮುದ್ದೆ ಆರೋಗಿರ್ತದೆ,” ಎಂದು ಗದರಿ, ಖತೀಜಾ ಬೀ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಇಟ್ಟಿಗೆ ಎತ್ತಿದ ಜಾಗದಲ್ಲಿ ಹುಲ್ಲು ಬೆಳ್ಳಗೆ ಮಲಗಿತ್ತು. ಅವನು ಅದನ್ನು ತುಳಿಯದೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದ.