ಒಳಗೆ ಬಿಟ್ಟ ಬಟ್ಟೆ

ಸೊಂಟದ ಹೊಲಿಗೆ ಮುಗಿದಿತ್ತು. ಹೆಚ್ಚಾಗಿ ಉಳಿದ ಬಟ್ಟೆಯನ್ನು ಕತ್ತರಿಸುವುದಷ್ಟೇ ಬಾಕಿ. ಗಿರಾಕಿಗಳ ಬಟ್ಟೆಯಾದರೆ ಅವಳು ಎಂದೂ ಕತ್ತರಿಸುತ್ತಿರಲಿಲ್ಲ; ಮೈ ಇಂದಿದ್ದಂತೆ ನಾಳೆ ಇರುವುದಿಲ್ಲ, ಒಳಗೆ ಒಂದಿಷ್ಟು ಬಿಟ್ಟಿರಬೇಕು. ಆದರೆ ಇದು ಅವಳದೇ ಗೌನು. ಮತ್ತೆ ಹಿಗ್ಗಿಸುವ ಮಾತೇ ಇಲ್ಲವೆಂದು ಕತ್ತರಿ ಎತ್ತಿಕೊಂಡಿದ್ದಳು.

ಕೈ ನಡುಗಿತು. ಈಚೆಗೆ ಸೂಜಿಗೆ ದಾರ ಪೋಣಿಸುವುದೂ ಒಂದೇ ಸಲಕ್ಕೆ ಆಗುತ್ತಿರಲಿಲ್ಲ. ಸುಮ್ಮನೆ ಕೂತರೂ ಎದೆ ಡವಡವ. ಅದಕ್ಕೇ ನಿನ್ನೆ ಡಾಕ್ಟರ ಬಳಿ ಹೋಗಿದ್ದು. ಜೊತೆಗೆ ಅತ್ತಿಗೆ ಬಂದಿದ್ದಳು. ತೂಕ ಇಳಿಸುವ ಕ್ಯಾಪ್ಸೂಲುಗಳನ್ನು ತಂದುಕೊಟ್ಟವಳೂ ಅವಳೇ.

“ನಿಮ್ಮ ರಿಪೋರ್ಟ್ ವಿಚಿತ್ರವಾಗಿದೆಯಮ್ಮ,” ಎಂದಿದ್ದರು ಡಾಕ್ಟರು. “ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸೋದು ಕಮ್ಮಿಯಾಗಿದೆ. ಹಾಗಾದಾಗ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ‘ಮಾಡು, ಇನ್ನೂ ಮಾಡು’ ಅಂತ ಕೂಗಬೇಕು. ನಿಮ್ಮದು ತುಟಿ ಪಿಟಕ್ ಅಂತಿಲ್ಲ.”

“ನಮ್ಮನೆಯವರ ಥರ,” ಎಂದಳು ಅತ್ತಿಗೆ.

ಡಾಕ್ಟರು ನಗಲಿಲ್ಲ. “ಒಂದೋ ಪಿಟ್ಯುಟರಿಗೇ ಏನೋ ಆಗಿದೆ, ತಲೆ ಸ್ಕ್ಯಾನ್ ಮಾಡಬೇಕು. ಇಲ್ಲಾ, ಅದನ್ನ ಏನೋ ಏಮಾರಿಸ್ತಿದೆ. ಥೈರಾಯ್ಡ್ ಹಾರ್ಮೋನು ಮೈಯಲ್ಲಿ ಒಡೆದಾಗ ಹುಟ್ಟೋ ಒಂದು ತುಣುಕಿದೆ. ತೂಕ ಇಳಿಸೋ ಕೆಲವು ಮಾತ್ರೆಗಳಿಗೆ ಅದನ್ನ ಸೇರಿಸ್ತಾರೆ. ಪಿಟ್ಯುಟರಿ ಅದನ್ನೇ ಅಸಲು ಅಂದ್ಕೊಂಡು ಸುಮ್ಮನಾಗಿಬಿಡುತ್ತೆ. ಅಂಥದ್ದೇನಾದ್ರೂ ತಗೋತೀರಾ?”

ಅತ್ತಿಗೆ ಕಿಟಕಿಯ ಕಡೆ ನೋಡುತ್ತಿದ್ದಳು.

“ಇಲ್ಲ,” ಎಂದಿದ್ದಳು ಇವಳು.

“ಸರಿ, ಹಾಗಾದ್ರೆ ಈ ವಾರವೇ ಸ್ಕ್ಯಾನ್.”

ದಾರಿಯಲ್ಲಿ ಅತ್ತಿಗೆ ತೋಳು ಹಿಡಿದುಕೊಂಡಳು. “ಹೇಳದಿದ್ದದ್ದೇ ಒಳ್ಳೇದಾಯ್ತು ಬಿಡೆ. ನಾನೂ ನುಂಗ್ತೀನಲ್ಲ, ಗುಂಡುಕಲ್ಲಿನ ಹಾಗಿದ್ದೀನಿ. ಅದನ್ನ ಬಿಟ್ರೆ ಮತ್ತೆ ಹಳೇ ಡ್ರಮ್ ಆಗ್ತೀಯ ನೋಡು.”

ಡ್ರಮ್. ಚಿಕ್ಕಂದಿನಿಂದ ಮನೆಯಲ್ಲಿ ಅವಳಿಗದೇ ಹೆಸರು. ಈ ವರ್ಷ ಅದು ಎಲ್ಲೋ ಕಳೆದುಹೋಗಿತ್ತು. ಅಂಗಡಿಯ ನಿಲುವುಗನ್ನಡಿಯಲ್ಲಿ ತಾನು ಕಾಣದಂತೆ ಗಿರಾಕಿಯ ಹಿಂದೆ ನಿಂತು ಅಳತೆ ತೆಗೆಯುವುದನ್ನು ಅವಳೂ ಬಿಟ್ಟಿದ್ದಳು. ಇದನ್ನೆಲ್ಲ ಡಾಕ್ಟರಿಗೆ ಹೇಗೆ ಹೇಳುವುದು?

ಅಂಗಡಿಯ ಯಜಮಾನಿ ಎದ್ದು ಬಂದು, ಮುಗಿದ ಬಟ್ಟೆಗಳ ಬುಟ್ಟಿಗೆ ಇಣುಕಿ, ತುಂಬಿರುವುದನ್ನು ಕಂಡು ಸುಮ್ಮನೆ ಹಿಂದಿರುಗಿದಳು. ಬುಟ್ಟಿ ಖಾಲಿಯಾದರೆ ಮಾತ್ರ ಅವಳ ಗಂಟಲು ಬೀದಿಗೆ ಕೇಳಿಸುತ್ತದೆ. ಯಾರೋ ಹೊರಗಿನಿಂದ ಸಿದ್ಧ ಉಡುಪು ತಂದು ದಿನವೂ ಆ ಬುಟ್ಟಿಗೆ ಸುರಿಯುತ್ತಿದ್ದರೆ? ಯಜಮಾನಿ ನೆಮ್ಮದಿಯಾಗಿರುತ್ತಾಳೆ. ಹೊಲಿಯುವವರು ಕೈಕಟ್ಟಿ ಕೂರುತ್ತಾರೆ, ಮಿಷನ್ನು ತುಕ್ಕು ಹಿಡಿಯುತ್ತದೆ. ಆಮೇಲೆ, ಯಜಮಾನಿ ಯಾಕೆ ಕೂಗುತ್ತಿಲ್ಲವೆಂದು ಅವಳ ತಲೆಯನ್ನು ಪರೀಕ್ಷಿಸಬೇಕು.

ನಿನ್ನೆ ಮನೆಯ ಬೀಗ ತೆಗೆಯುವಾಗ ಅತ್ತಿಗೆಯ ಕೈಯಲ್ಲಿ ಕೀಲಿಯೂ ತೂತಿಗೆ ಸೇರದೆ ತಡಕಾಡಿತ್ತು. ಗುಂಡುಕಲ್ಲು ನಡುಗುವುದಿಲ್ಲ.

“ಏನೇ, ಕತ್ತರಿ ಹಿಡ್ಕೊಂಡು ತಪಸ್ಸಾ?” ಎಂದಳು ಯಜಮಾನಿ.

“ಆಯ್ತಕ್ಕ, ಮುಗೀತು.”

ಕತ್ತರಿ ಕೆಳಗಿಟ್ಟಳು. ಉಳಿದ ಬಟ್ಟೆಯನ್ನು ಒಳಕ್ಕೆ ಮಡಚಿ, ಮುಂದೆ ಬಿಚ್ಚಲು ಸುಲಭವಾಗುವಂತೆ ಸಡಿಲವಾಗಿ ಕೈಹೊಲಿಗೆ ಹಾಕಿದಳು. ಆಮೇಲೆ ಮೇಜಿನ ಖಾನೆಯಲ್ಲಿದ್ದ ಕ್ಯಾಪ್ಸೂಲ್ ಡಬ್ಬಿಯನ್ನು ತೆಗೆದು ರಿಪೋರ್ಟಿದ್ದ ಚೀಲಕ್ಕೆ ಸೇರಿಸಿದಳು. ಬೆಳಿಗ್ಗೆ ಅಂಗಡಿಗೆ ಬರುವ ಮುಂಚೆ ಡಾಕ್ಟರ ಬಳಿ ಹೋಗಬೇಕು. ಒಬ್ಬಳೇ.