ಪಿನ್ ಕೋಡ್ ಇಲ್ಲದ ಕರೆ

ನಾನೊಂದು ಹೆಡ್‌ಸೆಟ್. ಐನೂರು ಒಡಹುಟ್ಟಿದವರ ಜೊತೆ ಒಂದೇ ದಿನ ಕಾರ್ಖಾನೆಯಲ್ಲಿ ಹುಟ್ಟಿದೆ. ಪೆಟ್ಟಿಗೆಗೆ ಹಾಕುವ ಮೊದಲು ನನ್ನನ್ನು ಮೂರು ಸಲ ಪರೀಕ್ಷಿಸಿದರು. ನನ್ನನ್ನು ತಲೆಗೇರಿಸಿಕೊಳ್ಳುವವರನ್ನು ಮಾತ್ರ ಒಂದು ಸಲವೂ ಯಾರೂ ಪರೀಕ್ಷಿಸಲಿಲ್ಲ. ಥೂ!

ನಾನು ಸೇರಿದ್ದು ಒಂದು ಜಿಲ್ಲೆಯ ತುರ್ತು ಕರೆ ಕೇಂದ್ರಕ್ಕೆ. ಮೊದಲ ಆರು ವರ್ಷ ಸುವರ್ಣಾ ಬಡಿಗೇರ ಎಂಬುವಳ ಕಿವಿಯ ಮೇಲೆ ಕೂತೆ. ಯಾರು ಅಳುತ್ತ ಕರೆದರೂ ಅವಳ ಮೊದಲ ಮಾತು, "ಎಲ್ಲಿದ್ದೀರಿ?" ಊರಿನ ಹೆಸರು ಸಿಕ್ಕರೆ ಸಾಕು, ಯಾವ ಹಳ್ಳ ದಾಟಿ ಹೋಗಬೇಕೆಂದು ಆಂಬುಲೆನ್ಸ್‌ನವನಿಗೆ ಹೇಳುತ್ತಿದ್ದಳು.

ಆಮೇಲೆ ಹೊಸ ನಿಯಮ ಬಂತು. ಡಿಗ್ರಿ ಇಲ್ಲದವರು ಕರೆ ತೆಗೆದುಕೊಳ್ಳುವಂತಿಲ್ಲ. ಪಿಯುಸಿ ಓದಿದ ಸುವರ್ಣಾಳನ್ನು ಹಾಜರಿ ಪುಸ್ತಕ ಬರೆಯಲು ಪಕ್ಕದ ಮೇಜಿಗೆ ತಳ್ಳಿದರು. ನಾನು ವಿನಾಯಕ ಹೊಸಮನಿ ಎಂಬ ಪದವೀಧರನ ತಲೆಗೇರಿದೆ. ಕಾಗದದಲ್ಲಿ ಅವನ ತರಬೇತಿ ಹದಿನೈದು ದಿನ. ನಡೆದದ್ದು ಅರ್ಧ ದಿನ. ಅದರಲ್ಲೂ ದೀಪ ಹಚ್ಚುವುದು, ಸಾಹೇಬರಿಗೆ ಶಾಲು, ಗ್ರೂಪ್ ಫೋಟೊ, ಉಪ್ಪಿಟ್ಟು. ಉಳಿದ ಹತ್ತು ನಿಮಿಷದಲ್ಲಿ ಮೇಲ್ವಿಚಾರಕ ಹಾಲಪ್ಪನವರು ಕಲಿಸಿದ್ದು ಇಷ್ಟೇ: "ಫಾರಂನಾಗ ಒಂದ್ ಕಾಲಮ್ಮೂ ಖಾಲಿ ಬಿಡಬ್ಯಾಡ್ರಿ." ಎಂಥ ವಿದ್ಯೆ!

ಮೂರನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸಿನ ಕರೆ ಬಂತು. "ಯಪ್ಪಾ, ನಮ್ಮ ಮನಿಯವ್ರಿಗೆ ಹಾವು ಕಡದೈತ್ರಿ! ಲಗೂನ ಗಾಡಿ ಕಳಸ್ರಿ!"

"ನಿಮ್ಮ ಹೆಸರೇನ್ರಿ? ಗಂಡನ ಹೆಸರು? ಪಿನ್ ಕೋಡ್?" ಎಂದ ವಿನಾಯಕ.

"ಅದೇನಂತ ನಂಗೊತ್ತಿಲ್ರೀ... ಕಣ್ಣ ಮುಚ್ಚಾಕತ್ತಾರ್ರಿ!"

"ಪಿನ್ ಕೋಡ್ ಇಲ್ದ ಮುಂದ ಹೋಗಂಗಿಲ್ರಿ. ಯಾರನ್ನರ ಕೇಳಿ ಹೇಳ್ರಿ."

ನನಗೆ ಮೈಯೆಲ್ಲ ಉರಿಯಿತು. ಅಲ್ಲೊಬ್ಬ ಸಾಯುತ್ತಿದ್ದಾನೆ, ಈ ಮಹಾಶಯನ ಕಣ್ಣು ಖಾಲಿ ಕಾಲಮ್ಮಿನ ಮೇಲೆ! ಅಷ್ಟರಲ್ಲಿ ಸುವರ್ಣಾ ದಡಕ್ಕನೆ ಎದ್ದು ನನ್ನನ್ನು ಅವನ ತಲೆಯಿಂದ ಕಿತ್ತಳು. ಆ ರಭಸಕ್ಕೆ ನನ್ನ ಒಂದು ಕಿವಿ ಮುರಿಯಿತು. ಇನ್ನೊಂದನ್ನು ತನ್ನ ಕಿವಿಗೆ ಒತ್ತಿಕೊಂಡಳು.

"ಅವ್ವಾ, ಎಲ್ಲದೀರಿ?"

"ಮುಳ್ಳಟ್ಟಿ ಕೆರಿ ದಂಡಿ ಹೊಲದಾಗ್ರಿ!"

ಇನ್ನೊಂದು ಕೈಯಲ್ಲಿ ವೈರ್‌ಲೆಸ್ ಹಿಡಿದು ಗಾಡಿಗೆ ದಾರಿ ಹೇಳಿದಳು. "ಗಾಡಿ ಬರಾಕತ್ತೈತಿ. ಅವರನ್ನ ನಡಿಸಬ್ಯಾಡ್ರಿ. ನಾ ಫೋನ್ ಇಡಂಗಿಲ್ಲವ್ವ."

ಆ ಮನುಷ್ಯ ಉಳಿದ. ಸಂಜೆ ಆಂಬುಲೆನ್ಸ್‌ನವನೇ ಫೋನ್ ಮಾಡಿ ತಿಳಿಸಿದ.

ಮರುದಿನ ಸುವರ್ಣಾಳಿಗೆ ಮೆಮೊ ಬಂತು. ಅರ್ಹತೆಯಿಲ್ಲದೆ ಕರೆ ಸ್ವೀಕರಿಸಿದ್ದು ಒಂದು ತಪ್ಪು, ಕಚೇರಿಯ ಸಾಮಾನು ಮುರಿದದ್ದು ಇನ್ನೊಂದು. ವಿನಾಯಕನಿಗೆ ತರಬೇತಿಯ ಪ್ರಮಾಣಪತ್ರ ಬಂತು, ಲ್ಯಾಮಿನೇಷನ್ ಸಮೇತ.

ಈಗ ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ಹೊಸಬರ ತಂಡ ಬಂದಾಗಲೆಲ್ಲ ಹಾಲಪ್ಪನವರು ನನ್ನನ್ನು ಎತ್ತಿ ತೋರಿಸುತ್ತಾರೆ: "ನೋಡ್ರಿ, ಸಾಮಾನು ಹಿಂಗ ಮುರೀಬಾರ್ದು." ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಯಾಕೆ ಮುರಿಯಿತು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.