ಕೆಡವೋ ಮನಿಗೆ ಹೊಸ ಮಣ್ಣು

ಮಳೆ ಬಂದರೆ ನಮ್ಮ ಕಡೆಯವರು ಮೊದಲು ಆಕಾಶ ನೋಡಿ ಹಿಗ್ಗುತ್ತಾರೆ. ಆಮೇಲೆ ಮಾಳಿಗೆ ನೋಡುತ್ತಾರೆ. ಇಂಗಳೇಶ್ವರದ ಗುರಲಿಂಗಪ್ಪನ ಮಣ್ಣಿನ ಮಾಳಿಗೆ ಗುರುವಾರ ಮೂರು ಕಡೆ ಸೋರಿತು. ಸೊಸೆ ಕಾವೇರಿ ಮೂರು ಬೋಗಾಣಿ ಇಟ್ಟಳು. ಒಂದು ಹನಿ ಆಕೆಯ ಮಗಳು ಸಾಕ್ಷಿಯ ಹಾಸಿಗೆಯ ಪಕ್ಕದಲ್ಲೇ ಬೀಳುತ್ತಿತ್ತು.

ಕಾವೇರಿ ಬಸವನ ಬಾಗೇವಾಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್, ಜಿ.ಎನ್.ಎಂ. ಡಿಪ್ಲೊಮಾ ಓದಿದವಳು. ಕೆಲಸ ಮುಗಿಸಿ ಬಸ್ಸಿಳಿದು, ಮನೆ ಕಟ್ಟೆಯ ಮೇಲೆ ಕಾದು ಕೂತವರಿಗೆಲ್ಲ ಬಿ.ಪಿ. ನೋಡಿ, ಆಮೇಲೆ ಉಣ್ಣುವ ಹೆಣ್ಣುಮಗಳು. ಗಂಡ ಕಾಂತು ವೆಲ್ಡಿಂಗ್ ಕೆಲಸದವನು. ಇಬ್ಬರೂ ಎರಡು ಖೋಲಿಯ ಸ್ಲ್ಯಾಬ್ ಮನೆಗೆಂದು ನಾಲ್ಕು ವರ್ಷದಿಂದ ದುಡ್ಡು ಕೂಡಿಡುತ್ತಿದ್ದರು. ಹಳೆ ಮನೆ ಕೆಡವಿ ಅಲ್ಲೇ ಹೊಸದು ಕಟ್ಟುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಕಾವೇರಿಗೆ ವಿಜಯಪುರದ ಕಾಲೇಜಿನಲ್ಲಿ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ಸೋಮವಾರದೊಳಗೆ ಫೀ ತುಂಬಬೇಕು. ತುಂಬಿದರೆ ಮನೆ ಕಟ್ಟುವುದು ಮುಂದೆ ಹೋಗುತ್ತದೆ. ತುಂಬದಿದ್ದರೆ ಸೀಟು ಹೋಗುತ್ತದೆ.

ಅತ್ತೆ ಸಾತವ್ವನಿಗೆ ಇದು ಸರಿಬರಲಿಲ್ಲ. ಗೊಳಸಂಗಿಯ ಯಶೋಧಾಬಾಯಿಗೆ ಹೇಳಿ ಕಳಿಸಿದಳು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು, ಸ್ವಂತ ಸ್ಲ್ಯಾಬ್ ಮನೆ ಕಟ್ಟಿಸಿದವಳು. ಮನೆಯ ಪರವಾಗಿಯೇ ಮಾತಾಡುತ್ತಾಳೆಂದು ಸಾತವ್ವನ ಲೆಕ್ಕ. ಗುರುವಾರ ಸಂಜೆ ಆ ಮಳೆಯಲ್ಲೇ ಆಕೆ ಬಂದಳು.

"ನೀವರ ಬುದ್ಧಿ ಹೇಳ್ರಿ ಬಾಯಿ," ಎಂದಳು ಸಾತವ್ವ. "ನರ್ಸ್ ಆದಾಕಿ ಮತ್ತ ನರ್ಸ್ ಆಗಾಕ ಹೊಂಟಾಳ. ಲಗ್ನ ಆದಾಕಿ ಮತ್ತ ಲಗ್ನ ಆಗ್ತಾಳೇನು?"

ಕಾಂತು ನಕ್ಕ.

"ನಗಬ್ಯಾಡಲೇ. ಬೋಗಾಣಿ ತುಂಬೇತಿ, ಚೆಲ್ಲಿ ಬಾ."

ಯಶೋಧಾಬಾಯಿ ಕಾವೇರಿಯ ಕಡೆ ತಿರುಗಿದಳು. "ಯಾಕ ಓದಬೇಕಂತಿ, ಹೇಳವ್ವಾ."

"ಹೋದ ತಿಂಗಳು ಒಂದು ಕೂಸು ಹುಟ್ಟಿದ ಮ್ಯಾಲ ಅಳಲಿಲ್ರಿ. ಡಾಕ್ಟರು ಬರೂತನಕ ನನಗ ಕಲಿಸಿದಷ್ಟು ಮಾಡಿದೆ. ಕೂಸು ಉಳಿತು. ಆದರ ಅದಕ್ಕ ಏನಾಗಿತ್ತು, ನಾ ಮಾಡಿದ್ದು ಯಾಕ ಕೆಲಸಾ ಮಾಡ್ತು, ಪೂರಾ ಗೊತ್ತಾಗಲಿಲ್ಲ. ಅದ ತಲ್ಯಾಗ ಕೂತೇತಿ."

ಯಶೋಧಾಬಾಯಿ ಸಾತವ್ವನ ಕಡೆ ತಿರುಗಿದಳು. "ಸಾತಕ್ಕ, ನಾ ಮೊದಲ ಮನಿ ಕಟ್ಟಿದಾಕಿ. ಮನಿ ಆಗಲಿ, ಆಮ್ಯಾಲ ಓದಿದರಾತು ಅಂದೆ. ಮನಿ ಆತು. ಬಾಗಲಾ, ಬಣ್ಣ, ಕಂಪೌಂಡ ಅಂತ ಮತ್ತ ಐದು ವರ್ಷ ಹೋತು. ನಾ ಕೈ ಹಿಡಿದು ಸೂಜಿ ಮಾಡೂದು ಕಲಿಸಿದ ಹುಡುಗ್ಯಾರು ಓದಿ ಬಂದು ನನ್ನ ಮ್ಯಾಲಿನ ಕುರ್ಚಿಗೆ ಕೂತ್ರು. ಮನಿ ಛಲೋ ಐತಿ. ಅದರಾಗ ಕೂತ ಇದನ್ನ ನೆನಸತೇನಿ."

"ಓದಿದರ ಪಗಾರ ಏರತೈತೇನ್ರಿ?" ಎಂದು ಕೇಳಿದಳು ಸಾತವ್ವ.

"ಹಂಗಂತ ಯಾರೂ ಬರದು ಕೊಡಾಂಗಿಲ್ಲ. ಆದರ ಕೆಲವು ಕೆಲಸಕ್ಕ ಅರ್ಜಿ ಹಾಕಾಕ ಬಿ.ಎಸ್ಸಿ. ಬೇಕ ಬೇಕು. ಬಾಗಲಾ ತೆರಿತೈತಿ. ಒಳಗ ಹೋಗೂದು ಆಕಿ ಕೈಯಾಗ."

"ಅಲ್ಲೀತನಕ ನನ್ನ ಮೊಮ್ಮಗಳು ಈ ಸೋರೂ ಮನ್ಯಾಗ ಮಲಗಬೇಕೇನ್ರಿ?"

ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆ ಆಗಿರಲಿಲ್ಲ. ಯಶೋಧಾಬಾಯಿ ತಲೆಯೆತ್ತಿ ನೋಡಿದಳು. "ಗುರಲಿಂಗಪ್ಪಣ್ಣ, ಮಾಳಿಗಿಗೆ ಮಣ್ಣು ಹಾಕಿದ್ದು ಯಾವಾಗ್ರಿ?"

ಮೂಲೆಯಲ್ಲಿ ಕೂತಿದ್ದ ಗುರಲಿಂಗಪ್ಪ ತಲೆ ತುರಿಸಿಕೊಂಡ. "ಮೂರು ವರ್ಷಾತ್ರಿ. ಹ್ಯಾಂಗೂ ಕೆಡವೋ ಮನಿ ಅಂತ ಬಿಟ್ಟಿದ್ದೆ."

"ಮಾಳಿಗಿ ಹೊತ್ತ ಜಂತಿ?"

"ಬೇವಿನವು. ನಮ್ಮಪ್ಪ ಹಾಕಿಸಿದ್ದು. ಗಟ್ಟಿ ಅದಾವು."

"ಹಂಗಾರ ಇದು ಹಳೇದಾಗಿ ಸೋರಾಕತ್ತಿಲ್ಲ. ನೀವು ಕೈ ಬಿಟ್ಟಿದ್ದಕ್ಕ ಸೋರಾಕತ್ತೇತಿ."

ಸಾತವ್ವ ಗಂಡನನ್ನು ನೋಡಿದ ನೋಟಕ್ಕೆ ಆತ ಚಪ್ಪಲಿ ಹುಡುಕತೊಡಗಿದ.

ಯಶೋಧಾಬಾಯಿ ಮತ್ತೆ ಕಾವೇರಿಗೆ ಹೇಳಿದಳು: "ಫೀ ತುಂಬೂ ಮೊದಲ ಕಾಲೇಜ ನೋಡು. ಕ್ಲಾಸಿಗೆ ಬರೂದ ಬ್ಯಾಡ, ಸರ್ಟಿಫಿಕೇಟ್ ಮನಿಗೆ ಬರತೈತಿ ಅನ್ನೂ ಏಜೆಂಟ್ ಮಂದಿ ಇರ್ತಾರ. ಅವರ ಕಡೆ ಹೋಗಬ್ಯಾಡ."

"ನೋಡೇನ್ರಿ. ನರ್ಸಿಂಗ್ ಕೌನ್ಸಿಲ್ ಪಟ್ಟಿಯೊಳಗ, ವಿಶ್ವವಿದ್ಯಾಲಯದ ಪಟ್ಟಿಯೊಳಗ, ಎರಡರಾಗೂ ಕಾಲೇಜಿನ ಹೆಸರು ಐತಿ. ಸ್ಕಾಲರ್‌ಶಿಪ್ ಅರ್ಜಿನೂ ತಂದೇನಿ."

ಯಾರೂ ಹೇಳುವ ಮೊದಲೇ ಆಕೆ ಅಷ್ಟೆಲ್ಲ ಮಾಡಿದ್ದಳು. ಮನೆಯವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲದೆಯೂ ಮಾಡಿದ್ದಳು. ಸಾತವ್ವ ಆ ಅರ್ಜಿಯನ್ನು ತಿರುಗಿಸಿ ನೋಡಿದಳು. ಓದಲು ಬರದಿದ್ದರೂ, ನೀರು ತಾಗದಂತೆ ಗೋಡೆಯ ಮಾಡದಲ್ಲಿ ಇಟ್ಟಳು.

ಕೂಡಿಟ್ಟ ದುಡ್ಡಿನಲ್ಲಿ ಅರ್ಧ ಫೀಗೆ, ಉಳಿದರ್ಧ ಬ್ಯಾಂಕಿನಲ್ಲೇ ಮನೆಗೆಂದು ಇರಲಿ, ಕಾಂತು ತಿಂಗಳಿಗೆ ಸ್ವಲ್ಪವಾದರೂ ಅದಕ್ಕೆ ಸೇರಿಸಲಿ ಎಂದಾಯಿತು. ಕಾವೇರಿ ಕೆಲಸ ಬಿಟ್ಟು, ವಾರವಿಡೀ ಹಾಸ್ಟೆಲಿನಲ್ಲಿದ್ದು ಶನಿವಾರ ಬರುವುದು. ಸಾಕ್ಷಿ ಅಜ್ಜಿಯ ಬಳಿ.

ಎರಡು ದಿನ ಬಿಸಿಲು ಬಿತ್ತು. ಕಾಂತು ಒಂದೊಂದು ಜಂತಿಯನ್ನೂ ಬಡಿದು ನೋಡಿದ. ಭಾನುವಾರ ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಮಣ್ಣು ಹಾಕಿ ಬಡಿದರು. ಸೋಮವಾರ ಕಾವೇರಿ ಫೀ ತುಂಬಿದಳು. ಬುಧವಾರ ಮತ್ತೆ ಮಳೆ ಹೊಡೆಯಿತು. ಬೋಗಾಣಿಗಳು ಅಡುಗೆಮನೆಯಲ್ಲೇ ಇದ್ದವು.

ಮರುದಿನ ಪಕ್ಕದ ಮನೆಯ ಗುಂಡವ್ವ ಕಟ್ಟೆಗೆ ಬಂದು ಕೂತಳು. "ಸಾತವ್ವಾ, ನರ್ಸ್ ಆದಾಕಿ ಮತ್ತ ನರ್ಸ್ ಆಗಾಕ ಹೊಂಟಾಳಂತ?"

"ಹೂಂ. ಮಾಳಿಗಿಗೆ ಒಂದ ಸಲ ಮಣ್ಣು ಹಾಕಿ ಸುಮ್ಮನ ಕೂತ್ರ ಏನಾಗತೈತಿ, ನಮ್ಮ ಮನಿಯವ್ರನ್ನ ಕೇಳು," ಎಂದಳು ಸಾತವ್ವ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇನ್ನೂ ಓದಬೇಕೆನ್ನುವ ನರ್ಸ್ ಮಗಳೋ ಸೊಸೆಯೋ ಇದ್ದರೆ, ಮನೆಯ ಆಸೆ ಬಿಡಬೇಡಿ, ಆಕೆಯ ಓದನ್ನೂ ಬಿಡಿಸಬೇಡಿ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಕೈಯಲ್ಲಿದ್ದುದನ್ನೆಲ್ಲ ಒಂದೇ ಕಡೆ ಹಾಕಬೇಡಿ. ಆಮೇಲೆ ಎಲ್ಲರೂ ಕೂತು ಒಂದು ಮಾತು ಕೇಳಿಕೊಳ್ಳಿ: ಈಗಿರುವ ಮನೆ ಇನ್ನೆರಡು ವರ್ಷ ತಡೆಯುತ್ತದೆಯೇ? ತಡೆಯದಿದ್ದರೆ ಮೊದಲು ಅದನ್ನು ಸರಿಮಾಡಿ. ತಡೆಯುತ್ತದೆ ಎಂದಾದರೆ ಆಕೆಯನ್ನು ಕಾಲೇಜಿನ ಬಸ್ಸಿಗೆ ಹತ್ತಿಸಿ ಬನ್ನಿ.